ಗಿರಿಯ ಕಾಫಿ, ಬೋರಿನ ನೀರು

ಹೋದ ತಿಂಗಳು ಒಬ್ಬ ಅಕ್ಕ ಅಂಗಡಿಗೆ ಬಂದವರೇ ಅರ್ಧ ಖಾಲಿಯಾದ ಪುಡಿ ಪ್ಯಾಕೆಟ್ಟನ್ನು ಕೌಂಟರ್ ಮೇಲಿಟ್ಟರು. "ಏನಣ್ಣ, ಡಬಲ್ ರೇಟ್ ಕೊಟ್ಟೀನಿ, ಸಪ್ಪಗೈತಲ್ಲ! ಇದಕ್ಕಿಂತ ದಿನಾ ಒಯ್ಯೋ ಪುಡೀನೇ ವಾಸಿ" ಅಂದರು. ಅದು ಬಾಬಾಬುಡನ್‌ಗಿರಿಯ ಅರೇಬಿಕಾ ಜಾತಿಯ ಕಾಫಿ. ಚಿಕೋರಿ ಬೇರಿನ ಪುಡಿ ಬೆರೆಸದ್ದು, ನಾನೇ ಹುರಿದದ್ದು. ಅವರು ಹೇಳಿದ್ದು ಸುಳ್ಳಲ್ಲ, ನನ್ನ ಪುಡಿ ಕೆಟ್ಟದ್ದೂ ಅಲ್ಲ. ದಾವಣಗೆರೆಯಲ್ಲಿ ಇಪ್ಪತ್ತು ವರ್ಷದಿಂದ ಬೀಜ ಹುರಿಯುತ್ತಿದ್ದೇನೆ. ಇಂಥ ದೂರು ಇದೇ ಮೊದಲಲ್ಲ.

ದುಬಾರಿ ಕಾಫಿ, ಸಾದಾ ಕಾಫಿ ಅಂತ ದಾರಿ ಬೇರೆಯಾಗುವುದು ತೋಟದಲ್ಲೇ. ಒಂದೇ ರೆಂಬೆಯಲ್ಲಿ ಕೆಂಪು ಹಣ್ಣು, ಅರೆಹಣ್ಣು, ಹಸಿರು ಕಾಯಿ ಎಲ್ಲ ಇರುತ್ತವೆ. ಜೋಪಾನವಾಗಿ ಮಾಡುವವರು ಅದೇ ಗಿಡಕ್ಕೆ ಮೂರು ನಾಲ್ಕು ಸಲ ಹೋಗಿ ಹಣ್ಣಾದದ್ದನ್ನಷ್ಟೇ ಬಿಡಿಸುತ್ತಾರೆ. ಕೂಲಿ ಉಳಿಸಬೇಕು ಅನ್ನುವವರು ಒಂದೇ ಸಲಕ್ಕೆ ಎಲ್ಲ ಸವರಿ ಎಳೆಯುತ್ತಾರೆ. ಬಿಡಿಸಿದ ದಿನವೇ ಪಲ್ಪರಿಗೆ ಹಾಕಿ ಸಿಪ್ಪೆ ತೆಗೆಯಬೇಕು. ಬೀಜಕ್ಕೆ ಅಂಟಿದ ಲೋಳೆ ಬಿಡಲು ಸುಮಾರು ಒಂದು ದಿನ, ಚಳಿ ಇದ್ದರೆ ಇನ್ನೂ ಸ್ವಲ್ಪ ಹೊತ್ತು, ತೊಟ್ಟಿಯಲ್ಲಿ ಇಡಬೇಕು. ಆಮೇಲೆ ತೊಳೆದು ಕಣದಲ್ಲಿ ಒಣಗಿಸಬೇಕು. ತೊಟ್ಟಿಯಲ್ಲಿ ಹೊತ್ತು ಮೀರಿತೋ, ಬೀಜ ನಾತ ಹಿಡಿಯುತ್ತದೆ. ಅಂಥ ಒಂದು ಹಿಡಿ ಬೀಜ ಸಾಕು, ಹುರಿಯುವ ಡ್ರಮ್ಮಿನಲ್ಲಿರುವ ಮಾಲೆಲ್ಲ ಕೆಡಲು. ಹೀಗೆ ತೊಳೆದ ಅರೇಬಿಕಾಕ್ಕೆ ನಮ್ಮ ವ್ಯಾಪಾರದಲ್ಲಿ ಪ್ಲಾಂಟೇಷನ್ ಅನ್ನುತ್ತಾರೆ. ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದರೆ ಅದು ಚೆರ್ರಿ. 1 ಕೆ.ಜಿ. ಬೀಜಕ್ಕೆ 5–6 ಕೆ.ಜಿ. ಹಣ್ಣು ಬೇಕು. ಹುರಿದಾಗ ಅದರಲ್ಲೂ ತೂಕ ಶೇ 15ರಿಂದ 20 ಹೋಗುತ್ತದೆ. ರೇಟು ಯಾಕೆ ಜಾಸ್ತಿ ಅಂದರೆ ಬಹುಪಾಲು ಈ ಲೆಕ್ಕಕ್ಕೇ.

ಪೀಬೆರಿ ಕೊಡಿ ಅಂತ ಹಟ ಹಿಡಿಯುವವರಿಗೆ ಒಂದು ಮಾತು. ಅದು ಬೇರೆ ತಳಿಯಲ್ಲ. ಹಣ್ಣಿನೊಳಗೆ ಎರಡು ಬೀಜದ ಬದಲು ಒಂದೇ ಬೀಜ ದುಂಡಗೆ ಬೆಳೆದದ್ದು, ಅಷ್ಟೇ. ಉರುಳುವುದರಿಂದ ಸಮನಾಗಿ ಹುರಿಯುತ್ತದೆ, ಅದು ನನಗೆ ಅನುಕೂಲ.

2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೆ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಸರ್ಕಾರಿ ಗುರುತು, ಬಂತು. ವಯನಾಡಿನ ರೋಬಸ್ಟಾ (ಅದು ಕಾಫಿಯ ಇನ್ನೊಂದು ಜಾತಿ), ಅರಕು ಅರೇಬಿಕಾಕ್ಕೂ ಆಗಲೇ ಸಿಕ್ಕಿತು. ಬೀಜ ಯಾವ ಊರಿನದು ಅಂತ ಟ್ಯಾಗ್ ಹೇಳುತ್ತದೆ. ಯಾವಾಗ ಹುರಿದರು, ಎಷ್ಟು ಕಪ್ಪಗೆ ಹುರಿದರು ಅಂತ ಹೇಳುವುದಿಲ್ಲ. ಇದ್ದಿಲಾಗುವಷ್ಟು ಹುರಿದರೆ ಗಿರಿಯ ಬೀಜವೂ ಒಂದೇ, ಯಾವುದೋ ಮೂಲೆಯ ಬೀಜವೂ ಒಂದೇ. ನಾನೂ ಒಮ್ಮೆ ತಪ್ಪು ಮಾಡಿದ್ದೇನೆ. ಒಳ್ಳೆ ಮಾಲು ಅಂತ ಜಾಸ್ತಿ ಹುರಿದಿಟ್ಟೆ. ಅದನ್ನು ಕೊಳ್ಳುವವರು ಕಡಿಮೆ. ಎರಡು ತಿಂಗಳು ಡಬ್ಬಿಯಲ್ಲೇ ಕೂತು ಘಮ ಎಲ್ಲ ಹೋಯಿತು. ಈಗ ವಾರಕ್ಕೆ ಬೇಕಾದಷ್ಟೇ ಹುರಿಯುತ್ತೇನೆ. ಪುಡಿ ಮಾಡಿದ ಮೇಲಂತೂ ಹದಿನೈದು ದಿನದೊಳಗೆ ಮುಗಿಸಿಬಿಡಿ.

ಅಕ್ಕನ ವಿಷಯಕ್ಕೆ ಬರೋಣ. ಒಳ್ಳೆ ಅರೇಬಿಕಾದ ಗುಣ ಇರುವುದು ಅದರ ಸಣ್ಣ ಹುಳಿಯಲ್ಲಿ. ಹಳಸಿದ ಮಜ್ಜಿಗೆಯ ಹುಳಿಯಲ್ಲ, ಕಿತ್ತಳೆ ತೊಳೆ ಕಚ್ಚಿದಾಗ ನಾಲಿಗೆ ಅಂಚಿಗೆ ತಾಗುತ್ತದಲ್ಲ, ಅದು. ರೋಬಸ್ಟಾದಲ್ಲಿ ಅದು ಕಡಿಮೆ, ಕಹಿ ಜಾಸ್ತಿ, ಬಾಯಿಗೆ ಗಟ್ಟಿಯಾಗಿ ಹತ್ತುತ್ತದೆ. ಕೆಫೀನ್ ಕೂಡ ಹೆಚ್ಚುಕಡಿಮೆ ಎರಡರಷ್ಟು. "ಅಕ್ಕ, ನೀರು ಯಾವುದು ಹಾಕ್ತೀರಿ?" ಅಂತ ಕೇಳಿದೆ. ಬೋರ್ ನೀರು ಅಂದರು. ನೀರು ಕಾಯಿಸುವ ಪಾತ್ರೆ ತಳದಲ್ಲಿ ಬೆಳ್ಳಗೆ ಸುಣ್ಣ ಕಟ್ಟುತ್ತಾ ಅಂದೆ. "ಹುಣಸೆಹಣ್ಣು ಹಾಕಿ ತಿಕ್ಕಿದ್ರೂ ಬಿಡಂಗಿಲ್ಲಣ್ಣ" ಅಂದರು.

ಉತ್ತರ ಅಲ್ಲೇ ಇತ್ತು. ಸುಣ್ಣ ಕಟ್ಟುವ ನೀರಿನಲ್ಲಿ ಬೈಕಾರ್ಬೊನೇಟ್ ಜಾಸ್ತಿ. ಅಡುಗೆ ಸೋಡಾದಲ್ಲಿರುವುದೂ ಅದೇ ಜಾತಿಯದು. ಹುಳಿ ಮಜ್ಜಿಗೆಗೆ ಚಿಟಿಕೆ ಸೋಡಾ ಹಾಕಿದರೆ ಹುಳಿ ಸಾಯುತ್ತದೆ. ಫಿಲ್ಟರಿನೊಳಗೆ ಆದದ್ದೂ ಅದೇ. ದುಡ್ಡು ಕೊಟ್ಟು ಕೊಂಡ ಗುಣವನ್ನು ನೀರು ಕುಡಿದುಬಿಟ್ಟಿತು! ದಿನದ ಪುಡಿಗೆ ಈ ತೊಂದರೆ ಅಷ್ಟಾಗಿ ತಟ್ಟುವುದಿಲ್ಲ. ಅದರಲ್ಲಿ ರೋಬಸ್ಟಾದ ಕಹಿ, ಚಿಕೋರಿಯ ಬಣ್ಣ ಇವೇ ಮುಂದೆ. ಬೋರ್ ನೀರು ಅವನ್ನು ಏನೂ ಮಾಡುವುದಿಲ್ಲ.

ಅಂಗಡಿಯಲ್ಲೇ ಎರಡು ಫಿಲ್ಟರ್ ಇಟ್ಟೆ. ಅದೇ ಪ್ಯಾಕೆಟ್ಟಿನ ಪುಡಿ. ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಅರ್ಧ ಆರ್‌ಒ, ಅರ್ಧ ನಲ್ಲಿ ನೀರು. ಬರೀ ಆರ್‌ಒ ಹಾಕಿದರೂ ಸರಿಬರುವುದಿಲ್ಲ, ರುಚಿ ತೆಳ್ಳಗಾಗುತ್ತದೆ. ಹಾಲು ಹಾಕದೆ ಒಂದೊಂದು ಗುಟುಕು ಕೊಟ್ಟೆ. ಎರಡನೆಯದು ಕುಡಿದು ಅಕ್ಕ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ "ಹಾಲು ಹಾಕ್ರಿ ನೋಡಾಣ" ಅಂದರು. ಹಾಲು, ಎರಡು ಚಮಚ ಸಕ್ಕರೆ ಬಿದ್ದ ಮೇಲೆ ಎರಡೂ ಲೋಟ ಒಂದೇ ಥರ ಕಂಡವು ಅವರಿಗೆ. ನಿಜ ಹೇಳಬೇಕೆಂದರೆ ನನಗೂ ಬಹಳ ವ್ಯತ್ಯಾಸ ಗೊತ್ತಾಗಲಿಲ್ಲ.

ಅದಕ್ಕೇ ಬೆಣ್ಣೆ ದೋಸೆ ಹೋಟೆಲಿನವರು ಗಿರಿಯ ಅರೇಬಿಕಾ ಕೇಳಿದರೆ ನಾನೇ ಬೇಡ ಅನ್ನುತ್ತೇನೆ. ಬೆಣ್ಣೆ ಹತ್ತಿದ ನಾಲಿಗೆಗೆ, ಗಟ್ಟಿ ಹಾಲಿನ ನಡುವಿನಿಂದ ತಲುಪಬೇಕಾದ ಕಾಫಿ ಅದು. ರೋಬಸ್ಟಾ ಇಲ್ಲದೆ ಆಗುವುದಿಲ್ಲ. ರೋಬಸ್ಟಾ ಅಂದರೆ ಕೀಳು ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಅದನ್ನೂ ಹಣ್ಣು ಆರಿಸಿ, ತೊಳೆದು ಮಾಡುವವರಿದ್ದಾರೆ. ಹಾಲಿನ ಕಾಫಿಗೆ ದುಡ್ಡು ಹಾಕುವುದಾದರೆ ಅಲ್ಲಿ ಹಾಕಿ.

ಚಿಕೋರಿ ಒಂದು ಬೇರು. ಹುರಿದು ಪುಡಿ ಮಾಡುತ್ತಾರೆ, ಕೆಫೀನ್ ಇಲ್ಲ. ಬೆರೆಸುವುದು ಮೋಸವಲ್ಲ, ಎಷ್ಟು ಅಂತ ಹೇಳದಿರುವುದು ಮೋಸ. ಮಿಕ್ಸ್ ಪುಡಿಯಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕು, ಎರಡರ ಪ್ರಮಾಣವೂ ಪ್ಯಾಕೆಟ್ ಮೇಲೆ ಇರಬೇಕು ಅಂತ ನಿಯಮ ಇದೆ. ಎಸ್ಟೇಟ್ ಚಿತ್ರ ದೊಡ್ಡದಾಗಿ, ಈ ಅಂಕಿ ಇರುವೆಯಷ್ಟು ಸಣ್ಣದಾಗಿ ಹಾಕಿದ ಪ್ಯಾಕೆಟ್ಟನ್ನು ಗಿರಾಕಿಗಳು ತಂದು ತೋರಿಸಿದ್ದಾರೆ. ಕೊಳ್ಳುವ ಮೊದಲು ತಿರುಗಿಸಿ ನೋಡಿ.

ಅಕ್ಕ ಈಗ ಎರಡು ಥರ ಒಯ್ಯುತ್ತಾರೆ. ಮನೆಮಂದಿಗೆ ಅರ್ಧ ಕೆ.ಜಿ. ಹಳೇ ಮಿಕ್ಸು. ಜೊತೆಗೆ 100 ಗ್ರಾಂ ಗಿರಿಯದು. "ಅದು ನನಗೊಬ್ಬಳಿಗೇ ಅಣ್ಣ, ಎಲ್ರೂ ಹೋದ್ಮೇಲೆ ಹನ್ನೊಂದು ಗಂಟಿಗೆ, ಹಾಲು ಹಾಕಂಗಿಲ್ಲ."