ಆದಿ ಕ್ರೈಸ್ತ ಪಾಷಂಡವಾದಗಳು: ‘ಯಾರು’ ಮತ್ತು ‘ಏನು’ ಹಿಡಿದು ಓದುವ ಟಿಪ್ಪಣಿ

ಪಾಷಂಡವಾದ ಎಂದರೆ ಧರ್ಮಸಭೆ ತಪ್ಪೆಂದು ತಳ್ಳಿಹಾಕಿದ ಬೋಧನೆ. ಈ ಪಾಠಕ್ಕೆ ಹೆಸರು, ಇಸವಿ, ಮಹಾಸಭೆ (ಧರ್ಮಾಧ್ಯಕ್ಷರು ಸೇರಿ ತೀರ್ಮಾನಿಸಿದ ಕೂಟ) ಎಂದು ಮೂರು ಕಲಮಿನ ಪಟ್ಟಿ ಮಾಡಿ ಬಾಯಿಪಾಠಕ್ಕೆ ಕೂತರೆ ಎಲ್ಲ ಕಲಸಿಹೋಗುತ್ತದೆ. ಅಪೊಲಿನಾರಿಸ್ ಹೇಳಿದ್ದು ಯುಟಿಕಸ್‌ನ ಬಾಯಿಗೆ ಬೀಳುತ್ತದೆ, ಎಫೆಸಸ್ ಮತ್ತು ಕ್ಯಾಲ್ಸಿಡನ್ ಅದಲುಬದಲಾಗುತ್ತವೆ. ಪಟ್ಟಿಗೆ ಮೊದಲು ಗಟ್ಟಿ ಮಾಡಿಕೊಳ್ಳಬೇಕಾದ್ದು ಬೇರೆ ಇದೆ. ಮೊದಲ ಕ್ರೈಸ್ತರ ಬಳಿ ನಾಲ್ಕು ಸಂಗತಿಗಳಿದ್ದವು. ದೇವರು ಒಬ್ಬನೇ. ಯೇಸುವನ್ನು ಪ್ರಭು ಎಂದು ಆರಾಧಿಸುತ್ತೇವೆ. ಯೇಸು ತಂದೆಗೆ ಪ್ರಾರ್ಥಿಸಿದ, ಆದ್ದರಿಂದ ಅವನೇ ತಂದೆಯಲ್ಲ. ಯೇಸು ಹಸಿದ, ಅತ್ತ, ಸತ್ತ.

ನಾಲ್ಕನ್ನೂ ಒಟ್ಟಿಗೆ ಹಿಡಿಯುವುದು ಕಷ್ಟ. ಯಾವುದಾದರೂ ಒಂದನ್ನು ಕೈಬಿಟ್ಟರೆ ಉಳಿದ ಮೂರೂ ತರ್ಕಕ್ಕೆ ಸಲೀಸಾಗಿ ಕೂರುತ್ತವೆ. ಧರ್ಮಸಭೆ ತಳ್ಳಿಹಾಕಿದ ಬಹುಪಾಲು ವಾದಗಳು ಹೀಗೆ ಹುಟ್ಟಿದವು. ಅವುಗಳನ್ನು ಮಂಡಿಸಿದವರಲ್ಲಿ ಹೆಚ್ಚಿನವರು ಬೈಬಲನ್ನು ಆಳವಾಗಿ ಓದಿದವರು, ಎಷ್ಟೋ ಮಂದಿ ಕಟ್ಟುನಿಟ್ಟಿನ ವಿರಕ್ತರು. ಅವರನ್ನು ದಡ್ಡರೆಂದೋ ದುಷ್ಟರೆಂದೋ ಬರೆದ ಉತ್ತರ ಚರಿತ್ರೆಗೆ ನ್ಯಾಯ ಮಾಡುವುದಿಲ್ಲ. ಪ್ರತಿ ಸಲವೂ ಸಭೆ ಕೇಳಿದ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಆ ಒಂದು ಸಂಗತಿಯನ್ನು ತೆಗೆದ ಮೇಲೆ ನಮ್ಮ ರಕ್ಷಣೆ ಉಳಿಯುತ್ತದೆಯೇ? ನಾವು ಕೊಡುವ ದೀಕ್ಷಾಸ್ನಾನಕ್ಕೆ, ಮಾಡುವ ಪ್ರಾರ್ಥನೆಗೆ ಅರ್ಥ ಉಳಿಯುತ್ತದೆಯೇ?

ಎರಡನೇ ಶತಮಾನ, ಬೇಗ ಬೇಗ

ತೋರಿಕೆವಾದ (ಡೊಸೆಟಿಸಂ): ಕ್ರಿಸ್ತನಿಗೆ ಇದ್ದದ್ದು ನಿಜದ ದೇಹವಲ್ಲ, ದೇಹದ ತೋರಿಕೆ. ಅಂದರೆ ನಾಲ್ಕನೇ ಸಂಗತಿ ಹೋಯಿತು. ಅಂತಿಯೋಕ್ಯದ ಇಗ್ನೇಷಿಯಸ್ ಮರಣದಂಡನೆಗೆ ರೋಮಿನತ್ತ ಸಾಗುತ್ತಲೇ ಬರೆದ ಪತ್ರಗಳಲ್ಲಿ ಇದನ್ನು ಎದುರಿಸುತ್ತಾನೆ. ಕ್ರಿಸ್ತನ ಯಾತನೆ ಬರೀ ತೋರಿಕೆಯಾಗಿದ್ದರೆ ನಾನು ಈ ಸಂಕೋಲೆಯಲ್ಲಿ ಇರುವುದೇಕೆ ಎಂಬುದು ಅವನ ವಾದ. ಎದುರು ದಿಕ್ಕಿನಲ್ಲಿ ಎಬಿಯೋನಿಗಳು: ಯೇಸು ಧರ್ಮಶಾಸ್ತ್ರವನ್ನು ಪಾಲಿಸಿದ ಮನುಷ್ಯ, ಅಷ್ಟೇ. ಇಲ್ಲಿ ಎರಡನೆಯದು ಹೋಯಿತು.

ಮಾರ್ಸಿಯನ್ ಕಪ್ಪುಸಮುದ್ರದ ತೀರದ ಸಿನೋಪೆಯವನು, ಹಡಗಿನ ವ್ಯಾಪಾರಿ. ರೋಮಿನ ಸಭೆಗೆ 2,00,000 ಸೆಸ್ಟರ್ಸ್ ಕಾಣಿಕೆ ಕೊಟ್ಟಿದ್ದ. 144ರಲ್ಲಿ ಅವನನ್ನು ಹೊರಹಾಕಿದಾಗ ಆ ಹಣವನ್ನು ಸಭೆ ಹಿಂದಿರುಗಿಸಿತು. ಹಳೆಯ ಒಡಂಬಡಿಕೆಯ ಸೃಷ್ಟಿಕರ್ತ ಬೇರೆ, ಯೇಸುವಿನ ತಂದೆ ಬೇರೆ ಎಂಬುದು ಅವನ ಬೋಧನೆ. ಹಾಗಾಗಿ ಹಳೆಯ ಒಡಂಬಡಿಕೆ ಪೂರ್ತಿ ಬಿಟ್ಟ. ಲೂಕನ ಸುವಾರ್ತೆಯನ್ನು ಕತ್ತರಿಸಿ, ಪೌಲನ 10 ಪತ್ರಗಳನ್ನು ಜೊತೆಗಿಟ್ಟು ತನ್ನದೇ ಧರ್ಮಗ್ರಂಥ ಮಾಡಿಕೊಂಡ. ನಾಸ್ಟಿಕರು (ದೇವರಿಲ್ಲವೆನ್ನುವ ನಾಸ್ತಿಕರಲ್ಲ) ಇನ್ನೂ ಮುಂದೆ ಹೋಗಿ ಜಗತ್ತನ್ನು ಕೀಳು ದೈವವೊಂದರ ಕೈತಪ್ಪು ಎಂದರು. ಬಿಡುಗಡೆ ಗುಟ್ಟಿನ ಜ್ಞಾನ ಬಲ್ಲವರಿಗೆ ಮಾತ್ರ. ಇವರಿಬ್ಬರಿಗೂ 180ರ ಸುಮಾರಿಗೆ ಲಿಯೋನಿನ ಐರೇನಿಯಸ್ ಕೊಟ್ಟ ಉತ್ತರದಲ್ಲಿ ಎರಡು ಅಂಶ ನೆನಪಿಡಿ. ಒಂದು, ಸೃಷ್ಟಿಸಿದವನೇ ರಕ್ಷಿಸುವವನು. ದೇಹ ಕೆಟ್ಟದ್ದಾದರೆ ದೇಹದ ಪುನರುತ್ಥಾನಕ್ಕೆ ಅರ್ಥವಿಲ್ಲ. ಎರಡು, ಅಪೊಸ್ತಲರು ಗುಟ್ಟಾಗಿ ಏನಾದರೂ ಕಲಿಸಿದ್ದರೆ ತಾವು ಸಭೆಗಳನ್ನು ಒಪ್ಪಿಸಿಹೋದವರಿಗೇ ಮೊದಲು ಕಲಿಸುತ್ತಿದ್ದರು. ಆ ಧರ್ಮಾಧ್ಯಕ್ಷರ ಸಾಲು ಎಲ್ಲರ ಕಣ್ಣೆದುರಿಗಿದೆ, ಅವರಾರೂ ಇಂಥದ್ದನ್ನು ಕಲಿಸಿಲ್ಲ. ವಿಶ್ವಾಸಪ್ರಮಾಣದ (ಸಭೆಯ ನಂಬಿಕೆಯನ್ನು ಸಂಕ್ಷೇಪವಾಗಿ ಹೇಳುವ ಪಾಠ) ಮೊದಲ ಸಾಲು ದೇವರನ್ನು ಭೂಮ್ಯಾಕಾಶಗಳ ಸೃಷ್ಟಿಕರ್ತ ಎಂದು ಕರೆಯುವಾಗ ಈ ಜಗಳವನ್ನು ನೆನೆಯಿರಿ.

ಕೀಲಿಕೈ: ಎರಡು ಪ್ರಶ್ನೆ

ಇಲ್ಲಿಂದ ಮುಂದಿನ ಎಲ್ಲ ವಿವಾದಕ್ಕೂ ಎರಡೇ ಪ್ರಶ್ನೆ ಸಾಕು. ‘ಯಾರು?’ ಎಂದು ಕೇಳಿದರೆ ಉತ್ತರ ವ್ಯಕ್ತಿ. ‘ಏನು?’ ಎಂದು ಕೇಳಿದರೆ ಉತ್ತರ ಸ್ವಭಾವ. ಸಭೆ ಕೊನೆಗೆ ತಲುಪಿದ ಲೆಕ್ಕ ಹೀಗಿದೆ: ತ್ರಿತ್ವದಲ್ಲಿ (ತಂದೆ, ಮಗ, ಪವಿತ್ರಾತ್ಮ ಎಂಬ ಒಬ್ಬನೇ ದೇವರಲ್ಲಿ) ಮೂರು ‘ಯಾರು’, ಒಂದು ‘ಏನು’. ಕ್ರಿಸ್ತನಲ್ಲಿ ಒಂದು ‘ಯಾರು’, ಎರಡು ‘ಏನು’. ಯಾವ ವಾದ ಎದುರಾದರೂ ಈ ಲೆಕ್ಕದಲ್ಲಿ ಯಾವ ಅಂಕಿ ಬದಲಾಯಿತು ಎಂದು ನೋಡಿ.

ಸಬೆಲಿಯಸ್: ಮೂರು ‘ಯಾರು’ ಒಂದಾದವು. ಒಬ್ಬನೇ ದೇವರು ಕೆಲವೊಮ್ಮೆ ತಂದೆಯಾಗಿ, ಕೆಲವೊಮ್ಮೆ ಮಗನಾಗಿ ಕಾಣಿಸಿಕೊಳ್ಳುತ್ತಾನೆ. ರೋಮಿನ ಧರ್ಮಾಧ್ಯಕ್ಷ ಕ್ಯಾಲಿಸ್ಟಸ್ ಅವನನ್ನು 220ರ ಸುಮಾರಿಗೆ ಬಹಿಷ್ಕರಿಸಿದ. ಕಾರಣ ಸರಳ: ಹಾಗಾದರೆ ಗೆತ್ಸೆಮನೆ ತೋಟದಲ್ಲಿ ಯೇಸು ಯಾರಿಗೆ ಪ್ರಾರ್ಥಿಸಿದ? ದತ್ತುಪುತ್ರವಾದ: ಯೇಸು ಮನುಷ್ಯ, ದೇವರು ಅವನನ್ನು ಮಗನಾಗಿ ಸ್ವೀಕರಿಸಿದ. ಬೈಜಾಂಟಿಯಂನ ಚರ್ಮಕಾರ ಥಿಯೊಡೋಟಸ್ ಇದನ್ನು ರೋಮಿಗೆ ತಂದ. ಇದೇ ಜಾಡಿನವನೆಂಬ ಆರೋಪದ ಮೇಲೆ ಅಂತಿಯೋಕ್ಯದ ಧರ್ಮಾಧ್ಯಕ್ಷ, ಸಮೊಸಾಟದ ಪೌಲನನ್ನು ಅಲ್ಲೇ ಸೇರಿದ ಧರ್ಮಾಧ್ಯಕ್ಷರ ಸಭೆ 268ರಲ್ಲಿ ಪದಚ್ಯುತಗೊಳಿಸಿತು.

ಆರಿಯಸ್: ಎಲ್ಲರೂ ಎಡವುವ ಮೂರನೇ ಮೆಟ್ಟಿಲು

ಮೊದಲು ಒಂದು ತಪ್ಪನ್ನು ಬದಿಗಿಡೋಣ. ಯೇಸು ಬರೀ ಮನುಷ್ಯ ಎಂದು ಆರಿಯಸ್ ಹೇಳಲಿಲ್ಲ. ಅಲೆಕ್ಸಾಂಡ್ರಿಯದ ಈ ಗುರು (ಪಾದ್ರಿ) 318ರ ಸುಮಾರಿನಲ್ಲಿ ಕಲಿಸಿದ್ದು ಬಹಳ ಎತ್ತರದ ಕ್ರಿಸ್ತನನ್ನು: ಯುಗಗಳಿಗೂ ಮೊದಲು ಇದ್ದವನು, ಉಳಿದೆಲ್ಲವೂ ಅವನ ಮೂಲಕವೇ ಉಂಟಾದದ್ದು. ಅಷ್ಟು ಎತ್ತರಕ್ಕೆ ಏರಿಸಿಯೂ ಅವನನ್ನು ಸೃಷ್ಟಿಯ ಕಡೆಯಲ್ಲೇ ನಿಲ್ಲಿಸಿದ.

ಅವನ ವಾದದ ಮೆಟ್ಟಿಲುಗಳು: (1) ದೇವರು ಆದಿಯಿಲ್ಲದವನು, ಯಾರಿಂದಲೂ ಹುಟ್ಟದವನು. (2) ಮಗ ಹುಟ್ಟಿದವನು, ಧರ್ಮಗ್ರಂಥವೇ ಹೇಳುತ್ತದೆ. (3) ಹುಟ್ಟಿದ್ದಕ್ಕೆಲ್ಲ ಆರಂಭವಿದೆ. (4) ಆದ್ದರಿಂದ ಮಗ ಇಲ್ಲದಿದ್ದದ್ದು ಉಂಟು. (5) ದೇವರ ಸ್ವರೂಪವನ್ನು ತುಂಡರಿಸಲಾಗದು, ಹಾಗಾಗಿ ಮಗ ಉಂಟಾದದ್ದು ಶೂನ್ಯದಿಂದ. (6) ಆದ್ದರಿಂದ ಅವನೂ ಸೃಷ್ಟಿ.

ಎಲ್ಲರೂ (4)ಕ್ಕೆ ಉತ್ತರ ಕೊಡಲು ಹೋಗುತ್ತಾರೆ: ಮಗ ಕಾಲಕ್ಕೂ ಮೊದಲಿದ್ದ, ಆದ್ದರಿಂದ ಆರಿಯಸ್ ತಪ್ಪು. ಈ ಉತ್ತರ ಅವನನ್ನು ಮುಟ್ಟುವುದೇ ಇಲ್ಲ. ‘ಕಾಲ’ ಎಂಬ ಮಾತನ್ನು ಅವನು ಬೇಕೆಂದೇ ಬಿಟ್ಟಿದ್ದ. ಕಾಲ ಆರಂಭವಾಗುವ ಮೊದಲೇ ಮಗ ಸೃಷ್ಟಿಯಾದ ಎಂದು ಅವನೇ ಒಪ್ಪುತ್ತಾನೆ. ಅವನು ಹೇಳುವುದು ಗಡಿಯಾರದ ಹಿಂದುಮುಂದಲ್ಲ, ಅಸ್ತಿತ್ವದ ಹಿಂದುಮುಂದು: ತಂದೆ ಇದ್ದಾನೆ, ಮಗ ಇರುವುದು ತಂದೆ ಇಚ್ಛಿಸಿದ್ದರಿಂದ, ಇಚ್ಛಿಸದಿದ್ದರೆ ಇರುತ್ತಿರಲಿಲ್ಲ. ಹಾಗಾಗಿ ವರ್ಷ ಎಣಿಸಿ ಪ್ರಯೋಜನವಿಲ್ಲ.

ಕೀಲು ತಿರುಗುವುದು (3)ರಲ್ಲಿ. ಆರಿಯಸ್‌ನ ದೊಡ್ಡ ಎದುರಾಳಿ, ಮುಂದೆ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷನಾದ ಅಥನೇಸಿಯಸ್ ಹಿಡಿದದ್ದೂ ಅದನ್ನೇ. ಒಬ್ಬ ಮನುಷ್ಯ ಮನೆ ಕಟ್ಟುತ್ತಾನೆ, ಮಗನನ್ನೂ ಹಡೆಯುತ್ತಾನೆ. ಮನೆ ಅವನ ಇಚ್ಛೆಯಿಂದ ಬಂದದ್ದು, ಅವನ ಹೊರಗಿನದು, ಅವನಂಥದ್ದಲ್ಲ. ಮಗ ಅವನ ಸ್ವಭಾವದಿಂದ ಬಂದವನು, ತಂದೆ ಏನೋ ಮಗನೂ ಅದೇ. ಮಾಡುವುದಕ್ಕೂ ಹಡೆಯುವುದಕ್ಕೂ ಇರುವ ನಿಜವಾದ ವ್ಯತ್ಯಾಸ ಇದು. ಮನುಷ್ಯರಲ್ಲಿ ಮಗ ತಡವಾಗಿ ಬರುವುದಕ್ಕೆ ಕಾರಣ ಹಡೆಯುವಿಕೆಯಲ್ಲ. ಮನುಷ್ಯ ಬೆಳೆಯಬೇಕು, ಬದಲಾಗಬೇಕು, ಅದಕ್ಕೆ. ದೇವರು ಬದಲಾಗುವವನಲ್ಲ. ಅವನು ಎಂದಾದರೂ ತಂದೆಯಾಗಿದ್ದರೆ ಎಂದೆಂದೂ ತಂದೆಯೇ. ತಂದೆ ಎಂದೆಂದೂ ತಂದೆಯಾಗಿದ್ದರೆ ಮಗನೂ ಎಂದೆಂದೂ ಇದ್ದಾನೆ. ‘ಹುಟ್ಟಿದವನು’ ಎಂಬುದು ಮಗ ಯಾರಿಂದ ಎಂದು ಹೇಳುತ್ತದೆ, ಎಂದಿನಿಂದ ಎಂದು ಹೇಳುವುದಿಲ್ಲ. ವಿಶ್ವಾಸಪ್ರಮಾಣದ ‘ಹುಟ್ಟಿದವನು, ಮಾಡಲ್ಪಟ್ಟವನಲ್ಲ’ ಎಂಬ ಅರ್ಥದ ಸಾಲು (3)ನೇ ಮೆಟ್ಟಿಲನ್ನೇ ಮುರಿಯುತ್ತದೆ.

ಜ್ಞಾನೋಕ್ತಿ 8:22 ಆರಿಯಸ್‌ನ ಬಲವಾದ ಅಸ್ತ್ರ. ಗ್ರೀಕ್ ಅನುವಾದದಲ್ಲಿ ಜ್ಞಾನವು ‘ಕರ್ತನು ನನ್ನನ್ನು ಸೃಷ್ಟಿಸಿದನು’ ಎನ್ನುತ್ತದೆ. ಆ ಜ್ಞಾನ ಕ್ರಿಸ್ತನೇ ಎಂಬುದನ್ನು ಎರಡೂ ಪಕ್ಷ ಒಪ್ಪಿದ್ದವು, ಹಾಗಾಗಿ ವಚನವನ್ನು ಪಕ್ಕಕ್ಕೆ ತಳ್ಳುವಂತಿರಲಿಲ್ಲ. ಅದು ಅವನು ಮನುಷ್ಯನಾದದ್ದನ್ನು ಕುರಿತ ಮಾತು ಎಂದು ಅಥನೇಸಿಯಸ್ ವ್ಯಾಖ್ಯಾನಿಸಿದ.

ಆದರೆ ತರ್ಕದ ದೋಷವಷ್ಟೇ ಸಭೆಯನ್ನು ಇಷ್ಟು ಕಲಕುತ್ತಿರಲಿಲ್ಲ. ಆರಿಯಸ್ ಹೇಳಿದ್ದು ನಿಜವಾದರೆ ಕ್ರಿಸ್ತನಿಗೆ ಮಾಡುವ ಪ್ರಾರ್ಥನೆ ಸೃಷ್ಟಿಯ ಪೂಜೆ, ಅಂದರೆ ವಿಗ್ರಹಾರಾಧನೆ. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಕೊಡುವ ದೀಕ್ಷಾಸ್ನಾನದಲ್ಲಿ ದೇವರ ಪಕ್ಕ ಸೃಷ್ಟಿಯ ಹೆಸರು ಸೇರಿದಂತೆ. ಮಗನಿಗೂ ತಂದೆಯ ಸ್ವರೂಪ ಪೂರ್ತಿ ತಿಳಿಯದು ಎಂದು ಆರಿಯಸ್ ಹೇಳುತ್ತಿದ್ದ. ಹಾಗಾದರೆ ಕ್ರಿಸ್ತನನ್ನು ಕಂಡವರು ದೇವರನ್ನು ಕಂಡಂತಾಗಲಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಒಂದು ಸೃಷ್ಟಿ ಇನ್ನೊಂದು ಸೃಷ್ಟಿಯನ್ನು ದೇವರಲ್ಲಿ ಸೇರಿಸಲಾರದು. ದೂರದಲ್ಲಿರುವವನು ಸೇತುವೆಯಾಗಲಾರ.

325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸಿಯಾದಲ್ಲಿ ಮಹಾಸಭೆ ಕರೆದ. 318 ಧರ್ಮಾಧ್ಯಕ್ಷರು ಎಂಬುದು ಸಂಪ್ರದಾಯದ ಎಣಿಕೆ, ಆದಿಕಾಂಡ 14:14ರಲ್ಲಿ ಅಬ್ರಹಾಮನ ಆಳುಗಳ ಸಂಖ್ಯೆಯೂ ಅದೇ. ಬೈಬಲಿನ ಯಾವ ಪದವನ್ನು ಮುಂದಿಟ್ಟರೂ ಆರಿಯಸ್‌ನ ಪಕ್ಷ ತನ್ನ ಅರ್ಥದಲ್ಲಿ ಒಪ್ಪಿಕೊಳ್ಳುತ್ತಿತ್ತು: ‘ದೇವರಿಂದ ಬಂದವನು’ ಎಂದರೆ, ಎಲ್ಲವೂ ದೇವರಿಂದಲೇ ಅಲ್ಲವೇ ಎನ್ನುತ್ತಿತ್ತು. ಅದಕ್ಕೇ ಬೈಬಲಿನಲ್ಲಿಲ್ಲದ ‘ಹೊಮೊಊಸಿಯೋಸ್’ ಬಂತು, ತಂದೆಯೊಡನೆ ಒಂದೇ ಸ್ವರೂಪದವನು ಎಂದು. ಆರಿಯಸ್‌ನ ಜೊತೆ ನಿಂತು ದೇಶಭ್ರಷ್ಟರಾದ ಧರ್ಮಾಧ್ಯಕ್ಷರು ಸೆಕುಂಡಸ್ ಮತ್ತು ಥಿಯೋನಾಸ್ ಇಬ್ಬರೇ. ಒಂದೆರಡು ಮತದ ಅಂತರದಲ್ಲಿ ಯೇಸುವನ್ನು ದೇವರಾಗಿಸಿದರು, ಬೈಬಲಿನ ಪುಸ್ತಕಗಳನ್ನು ಇಲ್ಲೇ ಆರಿಸಿದರು ಎಂಬ ಎರಡೂ ಮಾತು ಸುಳ್ಳು.

ಜಗಳ ಮಾತ್ರ ಮುಗಿಯಲಿಲ್ಲ. ಇನ್ನೂ 56 ವರ್ಷ ನಡೆಯಿತು. ಅಥನೇಸಿಯಸ್ ಐದು ಸಲ ಗಡಿಪಾರಾಗಿ ಸುಮಾರು 17 ವರ್ಷ ಹೊರಗೆ ಕಳೆದ. ಒಂದು ಕಾರಣ ಪರಿಭಾಷೆ: ನೈಸಿಯಾದ ಶಾಪವಾಕ್ಯಗಳು (ತಪ್ಪು ಬೋಧನೆ ಹೇಳುವವರನ್ನು ಖಂಡಿಸುವ ಸಾಲುಗಳು) ‘ಊಸಿಯ’ ಮತ್ತು ‘ಹುಪೊಸ್ಟಾಸಿಸ್’ ಎಂಬ ಗ್ರೀಕ್ ಪದಗಳೆರಡನ್ನೂ ಒಂದೇ ಅರ್ಥದಲ್ಲಿ ಬಳಸಿದ್ದವು, ಹಾಗಾಗಿ ಹಲವರಿಗೆ ಇದು ಸಬೆಲಿಯಸ್‌ನ ವಾದವೇ ಹಿಂಬಾಗಿಲಿನಿಂದ ಬಂದಂತೆ ಕಂಡಿತು. ಬೇಸಿಲ್ ಮತ್ತು ಅವನ ಕಪ್ಪದೋಕ್ಯದ ಜೊತೆಗಾರರು ಮೊದಲನೆಯದನ್ನು ‘ಏನು’ವಿಗೆ, ಎರಡನೆಯದನ್ನು ‘ಯಾರು’ವಿಗೆ ಮೀಸಲಿಟ್ಟ ಮೇಲೆ ಗಂಟು ಸಡಿಲವಾಯಿತು. 381ರಲ್ಲಿ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಪವಿತ್ರಾತ್ಮನೂ ತಂದೆ ಮಗನೊಡನೆ ಆರಾಧನೆಗೆ ಅರ್ಹ ಎಂದು ಸೇರಿಸಿತು. ಪವಿತ್ರಾತ್ಮನನ್ನು ಕುರಿತ ಆ ಸಾಲಿನಲ್ಲಿ ‘ಹೊಮೊಊಸಿಯೋಸ್’ ಪದವಿಲ್ಲ, ವಾದ ನಿಂತಿರುವುದು ಆರಾಧನೆಯ ಮೇಲೆ. ಈ ಸೂಕ್ಷ್ಮ ಗಮನಿಸಿ.

ಕ್ರಿಸ್ತನ ಒಳಗಿನ ಲೆಕ್ಕ

ಅಪೊಲಿನಾರಿಸ್ ನೈಸಿಯಾದ ಪಕ್ಷದವನೇ. ಕ್ರಿಸ್ತನಲ್ಲಿ ಮನುಷ್ಯನ ಬುದ್ಧಿಯ ಜಾಗದಲ್ಲಿ ದೈವಿಕ ವಾಕ್ಯವೇ (ಅಂದರೆ ದೇವರ ಮಗನೇ) ಇತ್ತು ಎಂದ. ‘ಯಾರು’ ಸರಿ, ಒಂದು ‘ಏನು’ ಅರ್ಧ. ನಜಿಯಾನ್ಜಸ್‌ನ ಗ್ರೆಗರಿಯ ಉತ್ತರ: ಕ್ರಿಸ್ತ ಯಾವುದನ್ನು ತನ್ನದಾಗಿಸಿಕೊಳ್ಳಲಿಲ್ಲವೋ ಅದು ಗುಣವಾಗಲಿಲ್ಲ. ಪಾಪ ಮಾಡಿದ್ದೇ ಬುದ್ಧಿ, ಅದನ್ನೇ ಬಿಟ್ಟರೆ ಹೇಗೆ?

ನೆಸ್ಟೋರಿಯಸ್ 428ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಧರ್ಮಾಧ್ಯಕ್ಷನಾದ. ಮರಿಯಳನ್ನು ದೇವಮಾತೆ ಎನ್ನುವುದಕ್ಕಿಂತ ಕ್ರಿಸ್ತಮಾತೆ ಎನ್ನುವುದು ಲೇಸು ಎಂದ. ಇಲ್ಲಿ ವ್ಯಾಕರಣದ ಒಂದು ನಿಯಮ ಕೈಗೆ ಸಿಕ್ಕರೆ ಎಲ್ಲ ಬಿಡಿಸಿಕೊಳ್ಳುತ್ತದೆ: ವಾಕ್ಯದ ಕರ್ತೃ ‘ಯಾರು’ ಆಗಿರಬೇಕು, ಕ್ರಿಯೆ ಎರಡರಲ್ಲಿ ಯಾವ ‘ಏನು’ವಿನಿಂದಲಾದರೂ ಬರಬಹುದು. ‘ದೇವರ ಮಗ ಶಿಲುಬೆಯಲ್ಲಿ ಸತ್ತ’ ಸರಿ. ‘ದೈವಸ್ವಭಾವ ಸತ್ತಿತು’ ತಪ್ಪು. ‘ಮರಿಯಳ ಮಗ ಲೋಕವನ್ನು ಸೃಷ್ಟಿಸಿದ’ ಸರಿ. ‘ಮಾನವ ಸ್ವಭಾವ ಸೃಷ್ಟಿಸಿತು’ ತಪ್ಪು. ತಾಯಿ ಹೆರುವುದು ಸ್ವಭಾವವನ್ನಲ್ಲ, ವ್ಯಕ್ತಿಯನ್ನು. ಮರಿಯಳು ಹೆತ್ತವನು ದೇವರಾದ್ದರಿಂದ ಅವಳು ದೇವಮಾತೆ. ದೈವತ್ವ ಅವಳಿಂದ ಶುರುವಾಯಿತು ಎಂದು ಇದರ ಅರ್ಥವಲ್ಲ. ಈ ಮಾತನ್ನು ನಿರಾಕರಿಸಿದರೆ ಮಗುವಾಗಿ ಹುಟ್ಟಿದವನು ಒಬ್ಬ, ದೇವರ ಮಗ ಇನ್ನೊಬ್ಬ ಎಂದಾಗುತ್ತದೆ, ಶಿಲುಬೆಯ ಮೇಲಿನ ಸಾವು ಒಬ್ಬ ಒಳ್ಳೆಯ ಮನುಷ್ಯನ ಸಾವಾಗಿ ಉಳಿಯುತ್ತದೆ. ತಾನು ಇಬ್ಬರು ಮಕ್ಕಳನ್ನು ಕಲಿಸಲಿಲ್ಲ ಎಂದು ನೆಸ್ಟೋರಿಯಸ್ ಹೇಳುತ್ತಲೇ ಇದ್ದ. ಅದನ್ನೂ ಉತ್ತರದಲ್ಲಿ ಬರೆಯಬೇಕು. ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಸಿರಿಲ್ 431ರ ಎಫೆಸಸ್ ಮಹಾಸಭೆಯನ್ನು, ನೆಸ್ಟೋರಿಯಸ್‌ನ ಪರವಿದ್ದ ಅಂತಿಯೋಕ್ಯದವರು ಬರುವ ಮೊದಲೇ, ಜೂನ್ 22ರಂದು ಆರಂಭಿಸಿ ನೆಸ್ಟೋರಿಯಸ್‌ನನ್ನು ಪದಚ್ಯುತಗೊಳಿಸಿದ. ಸಿರಿಲ್‌ಗೂ ಅಂತಿಯೋಕ್ಯದವರಿಗೂ ರಾಜಿಯಾದದ್ದು 433ರಲ್ಲಿ.

ಕಾನ್‌ಸ್ಟಾಂಟಿನೋಪಲ್‌ನ ವಿರಕ್ತ ಯುಟಿಕಸ್ ಇದರ ತಿರುವುಮುರುವು. ಒಂದುಗೂಡುವ ಮೊದಲು ಎರಡು ಸ್ವಭಾವ, ಆಮೇಲೆ ಒಂದೇ ಎಂದ. 448ರಲ್ಲಿ ಖಂಡನೆ, 449ರಲ್ಲಿ ಎಫೆಸಸ್‌ನಲ್ಲಿ ನಡೆದ ಎರಡನೇ ಸಭೆಯಿಂದ ಬಿಡುಗಡೆ (ಪೋಪ್ ಲಿಯೋ ಅದನ್ನು ದರೋಡೆಕೋರರ ಕೂಟ ಎಂದ), 451ರಲ್ಲಿ ಕ್ಯಾಲ್ಸಿಡನ್‌ನಲ್ಲಿ ಮತ್ತೆ ಖಂಡನೆ. ಕ್ಯಾಲ್ಸಿಡನ್‌ನ ನಾಲ್ಕು ನಿಷೇಧಗಳನ್ನು ಜೋಡಿಯಾಗಿ ಓದಿ: ಬೆರಕೆಯಿಲ್ಲದೆ, ಮಾರ್ಪಾಟಿಲ್ಲದೆ ಎಂಬುದು ಯುಟಿಕಸ್‌ಗೆ, ವಿಭಜನೆಯಿಲ್ಲದೆ, ಅಗಲಿಕೆಯಿಲ್ಲದೆ ಎಂಬುದು ನೆಸ್ಟೋರಿಯಸ್‌ಗೆ.

ಇಲ್ಲಿ ಒಂದು ಅನ್ಯಾಯ ನಡೆಯುತ್ತದೆ, ಅದು ನಮ್ಮ ನೆರೆಯವರಿಗೂ ತಟ್ಟುತ್ತದೆ. ಕ್ಯಾಲ್ಸಿಡನ್ ಒಪ್ಪದ ಕಾಪ್ಟಿಕ್, ಅರ್ಮೇನಿಯನ್, ಸಿರಿಯನ್ ಸಭೆಗಳನ್ನು ಯುಟಿಕಸ್‌ನ ಪಕ್ಷಕ್ಕೆ ಸೇರಿಸಿಬಿಡುತ್ತಾರೆ. ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿರುವ ಆರ್ಥೊಡಾಕ್ಸ್ ಸಿರಿಯನ್ ಕ್ರೈಸ್ತರು ಇದೇ ಪರಂಪರೆಗೆ ಸೇರಿದವರು. ಅವರು ಯುಟಿಕಸ್‌ನನ್ನೂ ತಿರಸ್ಕರಿಸುತ್ತಾರೆ. ಅವರು ಹಿಡಿದಿರುವುದು ಸಿರಿಲ್‌ನ ‘ದೇವವಾಕ್ಯದ ಮಾಂಸಧಾರಿಯಾದ ಒಂದೇ ಸ್ವಭಾವ’ ಎಂಬ ಮಾತು, ಅದರಲ್ಲಿ ದೈವತ್ವವೂ ಮನುಷ್ಯತ್ವವೂ ಪೂರ್ಣವಾಗಿವೆ. ಹಾಗೆಯೇ ನೆಸ್ಟೋರಿಯನ್ನರೆಂದು ಕರೆಸಿಕೊಂಡ ಪೂರ್ವದ ಅಸ್ಸೀರಿಯನ್ ಸಭೆ 1994ರಲ್ಲಿ ರೋಮಿನೊಂದಿಗೆ ಕ್ರಿಸ್ತನ ಕುರಿತ ಜಂಟಿ ಘೋಷಣೆಗೆ ಸಹಿ ಹಾಕಿತು.

ಉತ್ತರ ಆಫ್ರಿಕದ ದೊನಾತಸ್ ಈ ಲೆಕ್ಕಕ್ಕೆ ಬರುವುದಿಲ್ಲ. ಹಿಂಸೆಯ ಕಾಲದಲ್ಲಿ ಧರ್ಮಗ್ರಂಥ ಒಪ್ಪಿಸಿದ ಧರ್ಮಾಧ್ಯಕ್ಷ ಕೊಟ್ಟ ದೀಕ್ಷೆ ನಡೆಯುತ್ತದೆಯೇ ಎಂಬುದು ಅಲ್ಲಿನ ಪ್ರಶ್ನೆ. ದೀಕ್ಷೆ ಕ್ರಿಸ್ತನದು, ಕೊಡುವವನ ಯೋಗ್ಯತೆಯದಲ್ಲ ಎಂಬುದು ಅಗಸ್ಟೀನನ ಉತ್ತರ. ಬೇರೆ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ಕೊನೆಯದು ಏಕೇಚ್ಛಾವಾದ, ಕೀಲಿಕೈಯ ನಿಜವಾದ ಪರೀಕ್ಷೆ. ಸ್ವಭಾವ ಎರಡಾದರೂ ಕ್ರಿಸ್ತನಿಗೆ ಇಚ್ಛೆ ಒಂದೇ ಎಂದು, ಕ್ಯಾಲ್ಸಿಡನ್ ಒಪ್ಪದವರನ್ನು ಒಲಿಸಲು, ಏಳನೇ ಶತಮಾನದ ಚಕ್ರವರ್ತಿಗಳು ರಾಜಿಸೂತ್ರ ತಂದರು. ಇಚ್ಛೆ ‘ಯಾರು’ವಿಗೆ ಸೇರಿದ್ದೋ ‘ಏನು’ವಿಗೋ? ಮೊದಲ ಕೇಳಿಗೆ ‘ಯಾರು’ವಿಗೆ ಅನ್ನಿಸುತ್ತದೆ. ಹಾಗಾದರೆ ತ್ರಿತ್ವದಲ್ಲಿ ಮೂರು ‘ಯಾರು’ ಇರುವುದರಿಂದ ಮೂರು ಇಚ್ಛೆಗಳಾಗಬೇಕು. ಅದನ್ನು ಯಾರೂ ಒಪ್ಪುವುದಿಲ್ಲ. ಆದ್ದರಿಂದ ಇಚ್ಛೆ ‘ಏನು’ವಿನದು: ತ್ರಿತ್ವದಲ್ಲಿ ಒಂದು, ಕ್ರಿಸ್ತನಲ್ಲಿ ಎರಡು. ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆಯೇ ಆಗಲಿ ಎಂದು ಗೆತ್ಸೆಮನೆಯಲ್ಲಿ ಕ್ರಿಸ್ತ ಹೇಳಿದಾಗ ಅವನ ನಿಜವಾದ ಮಾನವ ಇಚ್ಛೆ ದೇವರ ಇಚ್ಛೆಗೆ ಮಣಿಯಿತು. ಇದನ್ನು ಬಿಡದೆ ಹೇಳಿದ್ದಕ್ಕೆ ವಿರಕ್ತ ಮ್ಯಾಕ್ಸಿಮಸ್‌ನ ನಾಲಿಗೆ ಮತ್ತು ಬಲಗೈ ಕತ್ತರಿಸಿದರು. ಅವನು ಸತ್ತದ್ದು 662ರಲ್ಲಿ. 680–681ರ ಮೂರನೇ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಎರಡು ಇಚ್ಛೆಗಳ ಬೋಧನೆಯನ್ನೇ ಅಂಗೀಕರಿಸಿತು.