ಹುಲ್ಲು ಕತ್ತರಿಸಿ ಸ್ವಾಮಿ, ಬೋಳಿಸಬೇಡಿ

ಮಳೆ ಹಿಡಿದು ಎರಡು ಮೂರು ವಾರ ಆಗ್ತಿದ್ದಂಗೆ ನನ್ನ ಫೋನಿಗೆ ಒಂದೇ ಥರದ ಫೋಟೋ ಬರಕ್ಕೆ ಶುರುವಾಗುತ್ತೆ. ಕಂದು ಬಣ್ಣಕ್ಕೆ ತಿರುಗಿದ ಲಾನು, ಕೆಳಗೆ "ಸಾರ್ ಏನೋ ರೋಗ ಬಂದಿದೆ, ಯಾವ ಔಷಧಿ ಹೊಡೀಲಿ?" ಅಂತ. ಜೂಮ್ ಮಾಡಿ ನೋಡಿದ್ರೆ ಬಹಳಷ್ಟು ಸಲ ರೋಗವೂ ಇಲ್ಲ ಹುಳವೂ ಇಲ್ಲ, ಹಿಂದಿನ ದಿನ ಹುಲ್ಲು ಕತ್ತರಿಸೋ ಮಶೀನನ್ನ ತೀರಾ ಕೆಳಗಿಳಿಸಿ ಓಡಿಸಿದಾರೆ ಅಷ್ಟೆ. ಯಾಕ್ರೀ ಇಷ್ಟು ಗಿಡ್ಡ ಮಾಡಿಸಿದ್ರಿ ಅಂದ್ರೆ, ಇನ್ನೊಂದು ತಿಂಗಳು ತಲೆನೋವು ಇರಲ್ಲ ಅಂತ ಸಾರ್.

ಇದೇನು ತಲೆಕೂದಲಾ? ಕೂದಲಿಗೆ ಊಟ ಒಳಗಿಂದ ಬರುತ್ತೆ, ಎಷ್ಟು ಬೋಳಿಸಿದ್ರೂ ಅದಕ್ಕೇನೂ ಆಗಲ್ಲ. ಹುಲ್ಲಿಗೆ ಊಟ ತಯಾರಾಗೋದೇ ಎಲೇಲಿ. ಎಲೇನೇ ತೆಗೆದುಬಿಟ್ರೆ ಅದು ಬೇರಲ್ಲಿ, ನೆಲದ ಮೇಲೆ ಹರಡಿರೋ ಕಾಂಡದಲ್ಲಿ ಕೂಡಿಟ್ಟಿದ್ದನ್ನ ಖರ್ಚು ಮಾಡಿಕೊಂಡು ಹೊಸ ಎಲೆ ಬಿಡಬೇಕು, ಅಷ್ಟು ದಿನ ಬೇರು ಬೆಳೆಯೋದು ನಿಂತುಹೋಗುತ್ತೆ. ಬೇರು ಆಳಕ್ಕಿಳಿಯದೆ ಮೇಲೇ ಉಳಿದಿರೋದ್ರಿಂದ ಎರಡು ದಿನ ಬಿಸಿಲು ಬಿದ್ರೆ ಸಾಕು, ನೀರಿಲ್ಲ ಅಂತ ಸೊರಗುತ್ತೆ.

ಅದಕ್ಕೇ ನಾವು ಹೇಳೋದು ಒಂದು ಸಲಕ್ಕೆ ಮೂರನೇ ಒಂದು ಭಾಗ ಮಾತ್ರ ಕತ್ತರಿಸಿ ಅಂತ. ಇಲ್ಲೇ ಎಡವಟ್ಟಾಗೋದು. ಕೇಳಿಸಿಕೊಂಡವರಲ್ಲಿ ಅರ್ಧ ಜನ ಮನೆಗೆ ಹೋಗಿ ಮೂರನೇ ಒಂದು ಭಾಗ ಉಳಿಸ್ತಾರೆ! ಉಳಿಸೋದಲ್ಲ ಸ್ವಾಮಿ, ತೆಗೆಯೋದು. 3 ಇಂಚು ಇದ್ರೆ 1 ಇಂಚು ತೆಗೀಬೇಕು, 2 ಇಂಚು ನಿಲ್ಲಬೇಕು. ಒಂದೂವರೆ ಇಂಚು ಇದ್ರೆ ಅರ್ಧ ಇಂಚು ಹೋಗಬೇಕು, ಒಂದು ಇಂಚು ಇರಬೇಕು. ಊರಿಗೆ ಹೋಗಿ ಬರೋಷ್ಟರಲ್ಲಿ 4 ಇಂಚು ಬೆಳೆದುಬಿಟ್ಟಿದೆಯಾ, ಇವತ್ತು 3ಕ್ಕೆ ಇಳಿಸಿ, ನಾಲ್ಕೈದು ದಿನ ಬಿಟ್ಟು 2ಕ್ಕೆ. ಒಂದೇ ದಿನ ಮುಗಿಸಿಬಿಡೋಣ ಅನ್ನೋ ಆಸೆ ಬೇಡ.

ನಂಬಿಕೆ ಬರಲಿಲ್ಲ ಅಂದ್ರೆ ಬೆಳೆದಿರೋ ಹುಲ್ಲನ್ನ ಎರಡು ಕೈಯಲ್ಲಿ ಬಿಡಿಸಿ ಒಳಗೆ ನೋಡಿ. ಹಸಿರು ಇರೋದು ಮೇಲ್ಗಡೆ ಮಾತ್ರ, ಕೆಳಗೆ ನೆರಳಲ್ಲಿ ಬೆಳೆದ ಎಲೆಯಿಲ್ಲದ ಕಡ್ಡಿ, ಒಣ ಹುಲ್ಲಿನ ಬಣ್ಣದ್ದು. ಮೇಲಿಂದು ಹೋದ್ಮೇಲೆ ಕಾಣಿಸೋದು ಆ ಕಡ್ಡೀನೇ, ಅದನ್ನ ನೋಡಿ ರೋಗ ಅಂತಾರೆ. ಆಮೇಲೆ ನೆಲಕ್ಕೆ ನೇರ ಬಿಸಿಲು ಬಿದ್ದು ಕಳೆ ಬೀಜ ಮೊಳೆಯುತ್ತೆ. ಇನ್ನು ಜೇಕು ಅನ್ನೋ ಕಳೆ ಅಂತೂ ನೆಲದಡಿ ಗೆಡ್ಡೆ ಇಟ್ಕೊಂಡು ಕಾಯ್ತಾ ಇರುತ್ತೆ, ಅದಕ್ಕೆ ಬೇಕಿದ್ದೇ ಖಾಲಿ ಜಾಗ.

ಎತ್ತರ ಎಷ್ಟಿರಬೇಕು ಅನ್ನೋದು ತಳಿ ಮೇಲೆ ಹೋಗುತ್ತೆ, ನೋಡದೆ ಖಡಾಖಂಡಿತ ಹೇಳಕ್ಕಾಗಲ್ಲ. ಸುಮಾರಾಗಿ ಬರ್ಮುಡಾ ಅಂದ್ರೆ ನಮ್ಮ ಗರಿಕೆ ಜಾತಿ 1ರಿಂದ ಒಂದೂವರೆ ಇಂಚು, ಜೋಯ್ಸಿಯಾ 1ರಿಂದ 2, ಅಗಲ ಎಲೆಯ ಸೇಂಟ್ ಆಗಸ್ಟೀನ್ ಆದ್ರೆ ಎರಡೂವರೆಯಿಂದ 4ರವರೆಗೂ ಬಿಡಬಹುದು. ಮರದ ನೆರಳಿದ್ರೆ ಇನ್ನೂ ಸ್ವಲ್ಪ ಎತ್ತರ ಇರಲಿ. ಮಳೆಗಾಲದಲ್ಲಿ ವಾರಕ್ಕೊಂದು ಸಲನಾದ್ರೂ ಮಶೀನು ಓಡಬೇಕಾಗುತ್ತೆ, ಅದಕ್ಕೆ ತಯಾರಿಲ್ಲ ಅಂದ್ರೆ ಲಾನ್ ಚಿಕ್ಕದು ಮಾಡಿಕೊಳ್ಳಿ, ನಾನು ಇದನ್ನ ಸಿಟ್ಟಿಂದ ಹೇಳ್ತಿಲ್ಲ.

ರಿಟೈರ್ ಆದ ಯಜಮಾನರೊಬ್ಬರು ನನ್ನ ಹಳೇ ಗಿರಾಕಿ, ಬಹಳ ಒಳ್ಳೆ ಮನುಷ್ಯ, ಆದರೆ ಯಾವಾಗ ಹೋದ್ರೂ ಗಾಲ್ಫ್ ಗ್ರೀನ್, ಅಂದ್ರೆ ಗಾಲ್ಫ್ ಮೈದಾನದಲ್ಲಿ ಚೆಂಡು ಬೀಳೋ ಗುಳಿ ಸುತ್ತಲಿನ ನುಣುಪು ಹುಲ್ಲು, ಅದರ ಫೋಟೋ ತೋರಿಸಿ "ಇದು ಹೆಂಗ್ ಬಂತು ಹಾಗಾದ್ರೆ?" ಅಂತಾರೆ. ಸಾರ್ ಅದನ್ನ 3 ಮಿಲಿಮೀಟರ್ ಆಸುಪಾಸಿಗೆ ಕತ್ತರಿಸ್ತಾರೆ ನಿಜ, ಆದ್ರೆ ಅದಕ್ಕೇ ಅಂತ ಮಾಡಿದ ಕುಳ್ಳ ತಳಿ ಅದು, ಹೆಚ್ಚುಕಮ್ಮಿ ದಿನಾ ಕತ್ತರಿಸ್ತಾರೆ, ಅದೂ ಕತ್ತರಿ ಥರ ಕೆಲಸ ಮಾಡೋ ರೀಲ್ ಮಶೀನಲ್ಲಿ ಅಂತ ಎಷ್ಟು ಹೇಳಿದ್ರೂ ತಲೆ ಆಡಿಸಿ ಮತ್ತೆ ಬೋಳಿಸ್ತಾರೆ. ಕೊನೆಗೆ ಅವರ ಮನೆಯವರು ಏನು ಮಾಡಿದಾರೆ ಗೊತ್ತಾ, ಮಶೀನಿನ ಎತ್ತರದ ಲಿವರನ್ನ ಮೇಲಿನ ಗುರುತಲ್ಲಿಟ್ಟು ತಂತಿ ಸುತ್ತಿ ಬಿಗಿದುಬಿಟ್ಟಿದಾರೆ. ಯಜಮಾನರಿಗೆ ಇಕ್ಕಳ ಎಲ್ಲಿದೆ ಅಂತ ಇನ್ನೂ ಸಿಕ್ಕಿಲ್ಲ, ಲಾನ್ ಈಗ ಚೆನ್ನಾಗಿದೆ.

ಸೀಸನ್ ಶುರುವಿಗೆ ಬೇಕಂತಲೇ ಬರ್ಮುಡಾ ಬೋಳಿಸೋ ವಿಡಿಯೋನೂ ಕೆಲವರು ಕಳಿಸ್ತಾರೆ. ಅದು ಚಳಿಗೆ ಹುಲ್ಲು ಒಣಗಿ ಮಲಗೋ ದೇಶದ ಪದ್ಧತಿ, ಸತ್ತ ಎಲೆ ತೆಗೆಯಕ್ಕೆ ಮಾಡ್ತಾರೆ. ವರ್ಷಪೂರ್ತಿ ಬೆಚ್ಚಗಿರೋ ಕಡೆ ಹುಲ್ಲು ಹಾಗೆ ಮಲಗೋದೇ ಇಲ್ಲ.

ಈಗಾಗಲೇ ಬೋಳಿಸಿಬಿಟ್ಟಿದ್ರೆ ಗಾಬರಿಗೆ ಯೂರಿಯಾ ಎರಚಬೇಡಿ. ಮಣ್ಣು ಒಣಗದಂಗೆ ನೀರು ಕೊಡಿ, ಮೇಲೆ ಓಡಾಡೋದು ಕಮ್ಮಿ ಮಾಡಿ, ಬೇರು ಸತ್ತಿಲ್ಲ ಅಂದ್ರೆ ಎರಡು ಮೂರು ವಾರದಲ್ಲಿ ಚಿಗುರುತ್ತೆ. ಪೂರ್ತಿ ಹಸಿರು ತುಂಬೋವರೆಗೂ ಮಶೀನ್ ಮುಟ್ಟಬೇಡಿ, ಆ ಹೊತ್ತಲ್ಲಿ ಬ್ಲೇಡ್ ಸಾಣೆ ಹಿಡಿಸಿಕೊಂಡು ಬನ್ನಿ.