ಸೆಖೆ ಹೆಚ್ಚಾದರೆ ಖಜಾನೆ ತುಂಬುತ್ತದೆ

2022ರ ಬೇಸಿಗೆಯಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದಲ್ಲಿ ವಿಪರೀತ ಸೆಖೆ. ಎಸಿಗಳು ಹಗಲೂ ರಾತ್ರಿ ಓಡಿದವು. ಅದೇ ಹೊತ್ತಿಗೆ ಕರೆಂಟ್ ತಯಾರಿಸಲು ಬೇಕಾದ ನೈಸರ್ಗಿಕ ಅನಿಲದ ಬೆಲೆಯೂ ಏರಿ ಕೂತಿತ್ತು. ಬಿಲ್ಲು ನೋಡಿದವರಿಗೆ ಇನ್ನೊಂದು ಸಲ ಬೆವರು. ನಗರದ ಖಜಾನೆಗೆ ಮಾತ್ರ ಅಂದುಕೊಂಡದ್ದಕ್ಕಿಂತ ಸುಮಾರು 7.5 ಕೋಟಿ ಡಾಲರ್ ಜಾಸ್ತಿ ಬಂತು.

ಅಲ್ಲಿ ಕರೆಂಟ್ ಕೊಡುವ ಸಿಪಿಎಸ್ ಎನರ್ಜಿ ನಗರದ್ದೇ ಸ್ವತ್ತು. 1942ರಲ್ಲಿ ನಗರ ಅದನ್ನು ಕೊಂಡುಕೊಂಡಿತು. ಸಂಸ್ಥೆಯ ಒಟ್ಟು ಆದಾಯದಲ್ಲಿ ಶೇ 14ರವರೆಗೆ ನಗರಕ್ಕೆ ಸಲ್ಲಬೇಕು ಎಂಬುದು ಕಟ್ಟಳೆ. ಗಮನಿಸಿ, ಲಾಭದಲ್ಲಿ ಅಲ್ಲ, ಆದಾಯದಲ್ಲಿ. ಅನಿಲ ದುಬಾರಿಯಾಯಿತು ಅಂತ ಸಂಸ್ಥೆ ಆ ಖರ್ಚನ್ನು ಬಿಲ್ಲಿಗೆ ಸೇರಿಸಿದರೆ, ಆ ಖರ್ಚಿನ ಮೇಲೂ ನಗರಕ್ಕೆ ಪಾಲು. ಜನರಿಗೆ ಕಷ್ಟವಾದಷ್ಟೂ ನಗರಕ್ಕೆ ಸುಗ್ಗಿ! ಇದು ಸರಿ ಕಾಣುವುದಿಲ್ಲ ಅಂತ ಆಳುವವರಿಗೂ ಅನ್ನಿಸಿರಬೇಕು. ಜಾಸ್ತಿ ಬಂದ ಹಣವನ್ನು ಬೇರೆ ಕೆಲಸಗಳಿಗೆ ಬಳಸೋಣ ಅಂದವರೂ ಇದ್ದರು. ಕೊನೆಗೆ ಸುಮಾರು 5 ಕೋಟಿ ಡಾಲರನ್ನು ಗ್ರಾಹಕರಿಗೇ ಹಿಂದಿರುಗಿಸಲು ತೀರ್ಮಾನವಾಯಿತು. ಹೆಚ್ಚಿನ ಪಾಲು ಬಿಲ್ಲಿನಲ್ಲೇ ವಜಾ ಆಯಿತು.

ಅದೇ ರಾಜ್ಯದ ಆಸ್ಟಿನ್ ನಗರದ ಲೆಕ್ಕ ಬೇರೆ. ಅಲ್ಲಿ ನಗರಕ್ಕೆ ಶೇ 12. ಆದರೆ ಇಂಧನದ ಖರ್ಚನ್ನು ಬಿಟ್ಟು, ಉಳಿದ ಆದಾಯದಲ್ಲಿ. ಅದೂ ಮೂರು ವರ್ಷದ ಸರಾಸರಿಯಲ್ಲಿ. ಹಾಗಾಗಿ ಒಂದು ಸೆಖೆಯ ವರ್ಷ ಬಂದರೂ ಖಜಾನೆ ಏಕಾಏಕಿ ಉಬ್ಬುವುದಿಲ್ಲ. ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ಮಾರಿದ ಪ್ರತಿ ಯೂನಿಟ್‌ಗೆ ಇಷ್ಟು ಅಂತ ಲೆಕ್ಕ, ಒಂದು ಸೆಂಟ್‌ಗೂ ಕಡಿಮೆ. ಅಲ್ಲಿ ಬೆಲೆ ಏರಿದರೆ ನಗರಕ್ಕೆ ಲಾಭವಿಲ್ಲ. ಆದರೆ ಜನ ಎಲ್‌ಇಡಿ ಬಲ್ಬು ಹಾಕಿ, ಒಳ್ಳೆಯ ಎಸಿ ಕೊಂಡು ಕರೆಂಟ್ ಉಳಿಸಿದರೆ ಈ ಲೆಕ್ಕದಲ್ಲಿ ನಗರದ ಪಾಲು ಕುಗ್ಗುತ್ತದೆ. ಅದಕ್ಕೇ ಇಷ್ಟಕ್ಕಿಂತ ಕಡಿಮೆಯಾಗಬಾರದು ಅಂತ ಒಂದು ಮಿತಿಯನ್ನೂ ಹಾಕಿಕೊಂಡಿದ್ದಾರೆ.

ಶೇಕಡಾವಾರು ಎಷ್ಟು ಅನ್ನುವುದರ ಮೇಲೆ ಎಲ್ಲರ ಕಣ್ಣು. ನನ್ನ ಕೇಳಿದರೆ, ಯಾವುದರ ಶೇಕಡಾವಾರು ಅನ್ನುವುದೇ ಜಾಸ್ತಿ ಮುಖ್ಯ.

ಇಷ್ಟಕ್ಕೂ ನಗರ ತನ್ನದೇ ಸಂಸ್ಥೆಯಿಂದ ಹಣ ಯಾಕೆ ತೆಗೆದುಕೊಳ್ಳಬೇಕು? ಖಾಸಗಿ ಕಂಪನಿಯಾಗಿದ್ದರೆ ಆಸ್ತಿ ತೆರಿಗೆ ಕಟ್ಟುತ್ತಿತ್ತು. ಬೀದಿಯಲ್ಲಿ ಕಂಬ ನೆಟ್ಟು ತಂತಿ ಎಳೆದದ್ದಕ್ಕೆ ಬಾಡಿಗೆಯಂಥ ಶುಲ್ಕ ಕೊಡುತ್ತಿತ್ತು. ಸರ್ಕಾರದ ಸಂಸ್ಥೆಗೆ ಸಾಮಾನ್ಯವಾಗಿ ತೆರಿಗೆ ಇಲ್ಲ. ಹಾಗಾದರೆ ಊರಿಗೆ ನಷ್ಟ ಅಲ್ವಾ? ಈ ಪ್ರಶ್ನೆ ಜೋರಾಗಿ ಎದ್ದದ್ದು 1939ರಲ್ಲಿ. 1933ರಲ್ಲಿ ಹುಟ್ಟಿದ, ಕರೆಂಟ್ ತಯಾರಿಸಿ ಮಾರುವ ಅಮೆರಿಕದ ಕೇಂದ್ರ ಸರ್ಕಾರದ ಸಂಸ್ಥೆ ಟೆನೆಸಿ ವ್ಯಾಲಿ ಅಥಾರಿಟಿ ಮತ್ತು ಅಲ್ಲಿನ ಊರುಗಳು ಸೇರಿ, ಟೆನೆಸಿ ಎಲೆಕ್ಟ್ರಿಕ್ ಪವರ್ ಕಂಪನಿಯನ್ನು ಸುಮಾರು 7.8 ಕೋಟಿ ಡಾಲರ್‌ಗೆ ಕೊಂಡವು. ಮಾರಿದ ಕಡೆಯ ಮುಖ್ಯಸ್ಥ ವೆಂಡೆಲ್ ವಿಲ್ಕಿ. ಮರುವರ್ಷವೇ ಅವರು ರೂಸ್‌ವೆಲ್ಟ್ ವಿರುದ್ಧ ಅಧ್ಯಕ್ಷ ಚುನಾವಣೆಗೆ ನಿಂತು ಸೋತರು, ಆ ಕಥೆ ಬೇರೆ. ಇತ್ತ ಕೌಂಟಿಗಳ (ನಮ್ಮ ಜಿಲ್ಲೆಗಳಂಥ ಆಡಳಿತ ಘಟಕಗಳು) ಗೋಳು ಏನೆಂದರೆ, ನಿನ್ನೆವರೆಗೆ ತೆರಿಗೆ ಕೊಡುತ್ತಿದ್ದ ಕಂಬ, ತಂತಿ, ಅಣೆಕಟ್ಟುಗಳೆಲ್ಲ ರಾತ್ರೋರಾತ್ರಿ ತೆರಿಗೆಪಟ್ಟಿಯಿಂದ ಮಾಯ. ಶಾಲೆ, ರಸ್ತೆಗಳಿಗೆ ದುಡ್ಡು ಎಲ್ಲಿಂದ ತರುವುದು?

1940ರಲ್ಲಿ ಸಂಸತ್ತು ಕಾನೂನು ತಿದ್ದಿತು. ತೆರಿಗೆಯ ಬದಲು ಅಥಾರಿಟಿ ತನ್ನ ಕರೆಂಟ್ ಆದಾಯದಲ್ಲಿ ಒಂದು ಪಾಲು ಕೊಡಬೇಕು. ಶೇ 10ರಿಂದ ಶುರುವಾಗಿ ಕೆಲವು ವರ್ಷಗಳಲ್ಲಿ ಶೇ 5ಕ್ಕೆ ಇಳಿಯಿತು, ಈಗಲೂ ಅಷ್ಟೇ ಇದೆ. ಅದನ್ನು ಹಂಚುವ ರೀತಿ ಚೆನ್ನಾಗಿದೆ. ಅರ್ಧ ಹಣ, ಯಾವ ರಾಜ್ಯದಲ್ಲಿ ಎಷ್ಟು ಕರೆಂಟ್ ಮಾರಾಟವಾಯಿತು ಅನ್ನುವುದರ ಮೇಲೆ. ಇನ್ನರ್ಧ, ಎಲ್ಲಿ ಎಷ್ಟು ಸ್ಥಾವರ, ಅಣೆಕಟ್ಟು ಇದೆ ಅನ್ನುವುದರ ಮೇಲೆ. ಬಳಸುವವರಿಗೂ ಪಾಲು, ಜಾಗ ಬಿಟ್ಟುಕೊಟ್ಟವರಿಗೂ ಪಾಲು. ಇತ್ತೀಚಿನ ವರ್ಷಗಳಲ್ಲಿ ಇದು ವರ್ಷಕ್ಕೆ ಸುಮಾರು 50 ಕೋಟಿ ಡಾಲರ್.

ಅಮೆರಿಕದಲ್ಲಿ ಇಂಥ ಸಾರ್ವಜನಿಕ ವಿದ್ಯುತ್ ಸಂಸ್ಥೆಗಳು ಸುಮಾರು 2,000 ಇವೆ. ಹೆಚ್ಚಿನವು ಸಣ್ಣ ಊರುಗಳವು. ದೇಶದ ಏಳು ಗ್ರಾಹಕರಲ್ಲಿ ಒಬ್ಬರಿಗೆ ಇವುಗಳಿಂದಲೇ ಕರೆಂಟ್. ನೆಬ್ರಾಸ್ಕಾ ರಾಜ್ಯದಲ್ಲಂತೂ ಮನೆಮನೆಗೆ ಕರೆಂಟ್ ಕೊಡುವ ಖಾಸಗಿ ಕಂಪನಿಯೇ ಇಲ್ಲ. ಈ ಸಂಸ್ಥೆಗಳ ಒಕ್ಕೂಟ ಆಗಾಗ ಲೆಕ್ಕ ಹಾಕಿ ಹೇಳುವ ಪ್ರಕಾರ, ಮಧ್ಯಮ ಮಟ್ಟದ ಸಂಸ್ಥೆಯೊಂದು ನೂರು ಡಾಲರ್ ಆದಾಯದಲ್ಲಿ ಐದಾರು ಡಾಲರ್ ಊರಿಗೆ ಕೊಡುತ್ತದೆ, ಖಾಸಗಿಯವರು ಕಟ್ಟುವ ತೆರಿಗೆಗಿಂತ ಇದು ಹೆಚ್ಚು. ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುವ ಲೆಕ್ಕ ಇದು, ಅದನ್ನೂ ನೆನಪಿಡಬೇಕು.

ಎಲ್ಲ ಕೊಡುಗೆಯೂ ನಗದಲ್ಲಿ ಇರುವುದಿಲ್ಲ. ನಗರದ ಕಚೇರಿಗಳಿಗೆ ಬಿಟ್ಟಿ ಕರೆಂಟ್, ಹಬ್ಬಕ್ಕೆ ದೀಪದ ಸರ ಕಟ್ಟಲು ಲೈನ್‌ಮನ್‌ಗಳು, ಕೆಲಸಕ್ಕೆ ಲಾರಿಗಳು. ಎಲ್ಲಕ್ಕಿಂತ ಹಳೆಯದು ಬೀದಿದೀಪ. 1880ರ ಮಾರ್ಚ್ 31ರ ರಾತ್ರಿ ಇಂಡಿಯಾನಾದ ವಾಬಾಶ್ ಎಂಬ ಪುಟ್ಟ ಊರಿನಲ್ಲಿ, ಕೋರ್ಟ್ ಕಟ್ಟಡದ ನೆತ್ತಿಯ ಮೇಲೆ ನಾಲ್ಕು ಆರ್ಕ್ ದೀಪ ಹೊತ್ತಿಸಿ ಊರಿಗೇ ಬೆಳಕು ಕೊಟ್ಟರು. ಎಷ್ಟೋ ಊರುಗಳು ಕರೆಂಟ್ ಕೆಲಸಕ್ಕೆ ಕೈ ಹಾಕಿದ್ದೇ ಬೀದಿಗೆ ಬೆಳಕು ಬೇಕು ಅಂತ. ಆ ಬೆಳಕಿನ ಖರ್ಚು ಯಾರದ್ದು? 1999ರ ಕೊನೆಗೆ ಸಿಯಾಟಲ್ ನಗರ ಅದನ್ನು ತನ್ನ ತೆರಿಗೆ ಹಣದಿಂದ ತೆಗೆದು ಕರೆಂಟ್ ಗ್ರಾಹಕರ ಬಿಲ್ಲಿಗೆ ದಾಟಿಸಿತು. ಗ್ರಾಹಕರು ಕೋರ್ಟಿಗೆ ಹೋದರು. ಬೀದಿದೀಪ ಎಲ್ಲರಿಗೂ ಸೇರಿದ್ದು, ಅದು ಸರ್ಕಾರದ ಕೆಲಸ, ಬಿಲ್ಲಿನಲ್ಲಿ ವಸೂಲಿ ಮಾಡುವುದು ತೆರಿಗೆಯೇ ಆಗುತ್ತದೆ ಅಂತ 2003ರಲ್ಲಿ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಖರ್ಚು ಮರಳಿ ನಗರದ ಹೆಗಲಿಗೆ.

ಕ್ಯಾಲಿಫೋರ್ನಿಯಾದ ರೆಡ್ಡಿಂಗ್‌ನಲ್ಲಿ ತೀರ್ಪು ಇನ್ನೊಂದು ದಿಕ್ಕಿಗೆ ಹೋಯಿತು. ಅಲ್ಲಿ ನಗರದ ಕರೆಂಟ್ ಸಂಸ್ಥೆಯ ಆಸ್ತಿ ಬೆಲೆಯ ಶೇ 1ರಷ್ಟು ನಗರಕ್ಕೆ ಹೋಗುತ್ತದೆ, ವರ್ಷಕ್ಕೆ 60 ಲಕ್ಷ ಡಾಲರ್ ಆಸುಪಾಸು. ಸೇವೆಯ ಖರ್ಚಿಗಿಂತ ಹೆಚ್ಚು ವಸೂಲಿ ಮಾಡಿದರೆ ಅದು ತೆರಿಗೆ, ಅದಕ್ಕೆ ಮತದಾರರ ಒಪ್ಪಿಗೆ ಬೇಕು ಅಂತ 2010ರಲ್ಲಿ ಆ ರಾಜ್ಯದ ಜನ ಮತ ಹಾಕಿ ನಿಯಮ ಮಾಡಿಕೊಂಡಿದ್ದರು. ಇದೂ ತೆರಿಗೆಯೇ ಅಂತ ದಾವೆ ಬಿತ್ತು. ಸಂಸ್ಥೆ ಬೇರೆ ಕಡೆ ಸಗಟಾಗಿ ಕರೆಂಟ್ ಮಾರಿಯೂ ದುಡಿಯುತ್ತದೆ, ಆ ದುಡಿಮೆಯಿಂದಲೇ ಈ ಹಣ ಹೊಂದಿಕೆಯಾಗುತ್ತದೆ, ಗ್ರಾಹಕರ ಮೇಲೆ ಹೊರೆ ಬಿದ್ದಿಲ್ಲ ಎಂದು 2018ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಒಂದೇ ಜೇಬಿನಲ್ಲಿರುವ ದುಡ್ಡಿಗೆ ಹೆಸರು ಬರೆದಿರುತ್ತದೆಯೇ ಅಂತ ನನಗಿನ್ನೂ ಅನುಮಾನ.

ಬಿಲ್ಲಿನ ಮೂಲಕ ವಸೂಲಿ ಮಾಡುವುದರಲ್ಲಿ ಒಂದು ಅನುಕೂಲವೂ ಇದೆ. ವಿಶ್ವವಿದ್ಯಾಲಯ, ಚರ್ಚು, ರಾಜ್ಯ ಮತ್ತು ಕೇಂದ್ರ ಸರ್ಕಾರದ ಕಚೇರಿಗಳಿಗೆ ಸಾಮಾನ್ಯವಾಗಿ ಆಸ್ತಿ ತೆರಿಗೆ ಇಲ್ಲ. ಕರೆಂಟ್ ಬಿಲ್ಲು ಮಾತ್ರ ಅವೂ ಕಟ್ಟಬೇಕು. ತೊಂದರೆ ಎಂದರೆ ಬಡವರ ಸಂಪಾದನೆಯಲ್ಲಿ ಕರೆಂಟಿನ ಪಾಲು ದೊಡ್ಡದು.

ಇನ್ನೊಂದು ತೊಂದರೆ ಊರಿನ ಗಡಿಯದ್ದು. ತಂತಿ ಗಡಿ ದಾಟುತ್ತದೆ, ಮತದ ಹಕ್ಕು ದಾಟುವುದಿಲ್ಲ. ಫ್ಲಾರಿಡಾದ ಗೇನ್ಸ್‌ವಿಲ್ ನಗರದ ಸಂಸ್ಥೆಗೆ ಊರಾಚೆ ಬಹಳಷ್ಟು ಗ್ರಾಹಕರಿದ್ದಾರೆ. ಅವರು ಕಟ್ಟಿದ ದುಡ್ಡೂ ನಗರದ ಖರ್ಚಿಗೆ ಹೋಗುತ್ತಿತ್ತು, ನಗರದ ಆಡಳಿತವನ್ನು ಆರಿಸುವ ಹಕ್ಕು ಅವರಿಗಿರಲಿಲ್ಲ. ಸಂಸ್ಥೆಯ ಸಾಲವೂ ಬೆಳೆದಿತ್ತು. 2023ರಲ್ಲಿ ರಾಜ್ಯ ಸರ್ಕಾರ ಸಂಸ್ಥೆಯನ್ನು ನಗರದ ಕೈಯಿಂದ ತೆಗೆದು, ಗವರ್ನರ್ ನೇಮಿಸುವ ಮಂಡಳಿಗೆ ಕೊಟ್ಟಿತು. ಸುಮಾರು 3.4 ಕೋಟಿ ಡಾಲರ್ ಇದ್ದ ವರ್ಷದ ಕೊಡುಗೆ ಸುಮಾರು 1.5 ಕೋಟಿಗೆ ಇಳಿಯಿತು. ನಗರ ಹುದ್ದೆಗಳನ್ನು ಕಡಿತ ಮಾಡಬೇಕಾಯಿತು. 2024ರ ನವೆಂಬರ್‌ನಲ್ಲಿ ಮಂಡಳಿ ಬೇಡ, ಸಂಸ್ಥೆ ನಮಗೇ ಬೇಕು ಅಂತ ಶೇ 70ಕ್ಕೂ ಹೆಚ್ಚು ಮತದಾರರು ಹೇಳಿದರು. ಜಗಳ ಕೋರ್ಟಿಗೆ ಹೋಯಿತು. ಆ ದಿನ ಮತ ಹಾಕಿದವರೆಲ್ಲ ನಗರದೊಳಗಿನವರು. ಗಡಿಯಾಚೆಯ ಗ್ರಾಹಕರ ಕೈಯಲ್ಲಿ ಇದ್ದದ್ದು ಅವತ್ತೂ ಬಿಲ್ಲು ಮಾತ್ರ.